ಮೂಳೆ ಬೆಳೆದಿದೆ ಎಂದರೆ ಭಯವೇಕೆ?

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯಿಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಹ ನೋವು. ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ಹಗುರ. ನಮ್ಮ ಮನೆಗಳಲ್ಲಿ ನಲವತ್ತು ದಾಟಿದ ಅನೇಕರಿಗೆ ಇದು ಪರಿಚಿತ ಅನುಭವ. ಎಕ್ಸ್-ರೇ ತೆಗೆಸಿದಾಗ ‘ಮೂಳೆ ಬೆಳೆದಿದೆ’ ಎಂಬ ಮಾತು ಕೇಳಿ, ಶಸ್ತ್ರಚಿಕಿತ್ಸೆಯೇ ಗತಿಯೆಂದು ನಾವು ಗಾಬರಿಗೊಳ್ಳುತ್ತೇವೆ. ಈ ಭಯ ಬಹುಮಟ್ಟಿಗೆ ಅನಗತ್ಯ.

ಕೀಲಿನ ಮೃದ್ವಸ್ಥಿ ಸವೆದಾಗ ಅದರ ಅಂಚಿನಲ್ಲಿ, ಅಥವಾ ಸ್ನಾಯುಬಂಧಗಳು ಮೂಳೆಗೆ ಅಂಟಿಕೊಂಡ ಎಡೆಯಲ್ಲಿ ಬಹುಕಾಲ ಎಳೆತ ಬಿದ್ದಾಗ, ದೇಹವು ದುರಸ್ತಿಗೆಂದು ಹೊಸ ಮೂಳೆಯನ್ನು ಕಟ್ಟುತ್ತದೆ. ಇದೇ ‘ಬೋನ್ ಸ್ಪರ್’. ಮುಳ್ಳೆಂದು ಕರೆದರೂ ಇದು ಸಾಮಾನ್ಯವಾಗಿ ನಯವಾಗಿಯೇ ಇರುತ್ತದೆ. ಅಮೆರಿಕದ ಮೂಳೆತಜ್ಞರ ಅಕಾಡೆಮಿಯ ಅಂದಾಜಿನಂತೆ, ಹತ್ತು ಜನರಲ್ಲಿ ಒಬ್ಬರಿಗೆ ಹಿಮ್ಮಡಿಯಲ್ಲಿ ಇಂತಹ ಬೆಳವಣಿಗೆ ಇರುತ್ತದೆ. ಆದರೆ ಅಂಥವರಲ್ಲಿ ಪಾದದ ನೋವು ಇರುವುದು ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ. ನೋವಿನ ನಿಜವಾದ ಮೂಲ ಹೆಚ್ಚಾಗಿ ಅಂಗಾಲಿನ ‘ಪ್ಲಾಂಟಾರ್ ಫ್ಯಾಸಿಯಾ’ ಎಂಬ ದಪ್ಪ ಪಟ್ಟಿ. ಆದ್ದರಿಂದ ಚಿಕಿತ್ಸೆ ಬೇಕಾದುದು ಎಕ್ಸ್-ರೇ ಚಿತ್ರಕ್ಕಲ್ಲ, ನೋವಿಗೆ.

ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಂತು ಅಡುಗೆ ಮಾಡುವವರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸುವುದು ಮೊದಲ ಮದ್ದು. ಮೀನಖಂಡವನ್ನೂ ಅಂಗಾಲನ್ನೂ ಹಿಗ್ಗಿಸುವ ವ್ಯಾಯಾಮ, ತೂಕದ ಹತೋಟಿ ಹಾಗೂ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಶಾಖೋಪಶಮನ ಉಪಯುಕ್ತ. ಹೀಗೆ ನಡೆದುಕೊಂಡ ಬಹುತೇಕರು ಹತ್ತು ತಿಂಗಳೊಳಗೆ ಗುಣ ಕಾಣುತ್ತಾರೆ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಸಾಮಾನ್ಯವಾಗಿ ವರ್ಷವಾದರೂ ನೋವು ಶಮನವಾಗದಿದ್ದಾಗ. ಔಷಧದಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಮಾತ್ರ ಸಲ್ಲದು. ಹೊಟ್ಟೆ, ಮೂತ್ರಪಿಂಡಗಳಿಗೆ ಅದರಿಂದ ಹಾನಿಯುಂಟು. ಮಧುಮೇಹಿಗಳು ಪಾದದ ಯಾವ ತೊಂದರೆಯನ್ನೂ ವೈದ್ಯರಿಗೆ ತೋರಿಸಲೇಬೇಕು.

ಕುತ್ತಿಗೆ, ಬೆನ್ನುಮೂಳೆಗಳ ವಿಷಯ ಬೇರೆ. ಅಲ್ಲಿ ಬೆಳೆದ ಮೂಳೆ ನರವನ್ನು ಒತ್ತಬಹುದು. ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಮಲಮೂತ್ರದ ಹಿಡಿತ ತಪ್ಪಿದರಂತೂ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು.

ಕುಡಿಯುವ ನೀರಿನಿಂದಲೂ ಮೂಳೆ ಬೆಳೆಯುವುದುಂಟೆಂಬುದನ್ನು ಹೈದರಾಬಾದಿನ ನಾವು ಮರೆಯುವಂತಿಲ್ಲ. ನಮ್ಮ ನೆರೆಯ ನಲ್ಗೊಂಡ ಜಿಲ್ಲೆಯಲ್ಲಿ ಫ್ಲೋರೈಡ್ ಹೆಚ್ಚಿರುವ ಅಂತರ್ಜಲವನ್ನು ವರ್ಷಗಟ್ಟಲೆ ಕುಡಿದವರ ಮೂಳೆಗಳು ವಿಕಾರವಾಗಿ ಬೆಳೆದು, ಸ್ನಾಯುಬಂಧಗಳೇ ಮೂಳೆಯಂತೆ ಗಡುಸಾಗಿ, ಬೆನ್ನು ಬಾಗಿದೆ. ಇಲ್ಲಿನ ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ ಈ ವ್ಯಾಧಿಯ ಅಧ್ಯಯನ ನಡೆಸಿದೆ. ಪಟಿಕ, ಸುಣ್ಣಗಳಿಂದ ಫ್ಲೋರೈಡ್ ತೆಗೆಯುವ ವಿಧಾನಕ್ಕೆ ‘ನಲ್ಗೊಂಡ ತಂತ್ರ’ವೆಂದೇ ಹೆಸರು. ನಮ್ಮ ಪಾವಗಡವೂ ಇದೇ ಸಂಕಟವನ್ನು ಕಂಡ ನಾಡು. ಹೀಗೆ ಕೆಟ್ಟ ಮೂಳೆಯನ್ನು ಮತ್ತೆ ಮೊದಲಿನಂತೆ ಮಾಡುವ ಮದ್ದಿಲ್ಲ, ತಡೆಯುವುದೊಂದೇ ದಾರಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಅಪಾಯಕಾರಿ. ಕುದಿಸಿದರೆ ಅದು ಹೋಗದು. ಬೋರ್‌ವೆಲ್ ನೀರನ್ನೇ ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಮೂಳೆ ಬೆಳೆದಿದೆಯೆಂದು ತಿಳಿದಾಗ ಅದು ಎಲ್ಲಿ, ಏಕೆ ಬೆಳೆಯಿತೆಂದು ವೈದ್ಯರನ್ನು ಕೇಳೋಣ. ಚಿಕಿತ್ಸೆಯ ದಾರಿ ಆ ಉತ್ತರದಲ್ಲಿದೆ.