ರಾಮೇಶ್ವರದ ಎರಡು ಕಡಲು, ಒಂದು ಪತಂಗ

ಮಕ್ಕಳೇ, ಆಷಾಢ ಬಂತೆಂದರೆ ಅಮರೇಶ್ವರನ ಊರು ಗುರುಗುಂಟಾದಲ್ಲಿ ಗಾಳಿಯದೇ ದರ್ಬಾರು. ಬಾಗಿಲು ಪಟಪಟ ಬಡಿಯುತ್ತವೆ, ಪತಂಗದ ದಾರ ಬೆರಳು ಕೊಯ್ಯುತ್ತದೆ. ಇದೇ ಮುಂಗಾರಿನ ಗಾಳಿ ಅದೇ ಹೊತ್ತಿಗೆ ದೂರದ ರಾಮೇಶ್ವರದಲ್ಲೂ ಪತಂಗ ಹಾರಿಸುತ್ತಿರುತ್ತದೆ. ಅಲ್ಲಿ ಮಾತ್ರ ಪತಂಗವೇ ಮನುಷ್ಯನನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ!

ಈ ಆಟದ ಹೆಸರು ಕೈಟ್ ಸರ್ಫಿಂಗ್. ಕಾಲಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಇಪ್ಪತ್ತು ಮೀಟರಿನಷ್ಟು ಉದ್ದದ ದಾರಗಳು, ತುದಿಯಲ್ಲಿ ದೊಡ್ಡ ಬಟ್ಟೆಯ ಪತಂಗ. ಗಂಟೆಗೆ 25ರಿಂದ 40 ಕಿ.ಮೀ. ವೇಗದ ಗಾಳಿ ಒಂದೇ ಸಮನೆ ಬೀಸಿದರೆ ಆಟಕ್ಕೆ ರಂಗು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಪದಕದ ಆಟವಾಯಿತು.

ರಾಮೇಶ್ವರವೇ ಏಕೆ? ಯಾತ್ರೆಗೆ ಹೋಗಿಬಂದ ಅಜ್ಜಿಯನ್ನು ಕೇಳಿ. ಅಗ್ನಿತೀರ್ಥದಲ್ಲಿ ಕಡಲು ಕೆರೆಯಂತೆ ತಣ್ಣಗಿತ್ತು ಎಂದಾರು. ರಾಮೇಶ್ವರ ಒಂದು ದ್ವೀಪ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಖಾರಿ. ತೆರೆದ ನೀರಿನ ಮೇಲೆ ಗಾಳಿ ದೂರ ಓಡಿದಷ್ಟೂ ತೆರೆ ಬೆಳೆಯುತ್ತದೆ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಮನ್ನಾರ್ ಕಡೆ ತೆರೆ ಎಬ್ಬಿಸುತ್ತದೆ. ನಡುವೆ ನೆಲ ಅಡ್ಡವಿರುವುದರಿಂದ ಉತ್ತರ ದಡದ ನೀರು ಸಮತಟ್ಟು. ಚಳಿಗಾಲದಲ್ಲಿ ಈಶಾನ್ಯದಿಂದ ಗಾಳಿ ಬೀಸಿದಾಗ ಎಲ್ಲ ಅದಲುಬದಲು. ಅಲ್ಲಿನ ಜನ ಶಾಂತವಾದ ಕಡಲನ್ನು ಹೆಣ್ಣು ಕಡಲು, ಅಬ್ಬರದ ಕಡಲನ್ನು ಗಂಡು ಕಡಲು ಎನ್ನುತ್ತಾರೆ.

ಹಾಗಾದರೆ ಶಾಂತ ನೀರಿಗೆ ಇಳಿದರೆ ಭಯವಿಲ್ಲವೇ? ಇದೆ! ಅಲ್ಲಿ ನೀರು ಶಾಂತವಾಗಿರುವುದು ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುವುದರಿಂದ. ನೀರಿಗೆ ಬಿದ್ದ ಚೆಂಡನ್ನು, ಗಾಳಿ ತುಂಬಿದ ಟ್ಯೂಬನ್ನು ಅದು ಸದ್ದಿಲ್ಲದೆ ಆಳದ ಕಡೆ ಒಯ್ಯುತ್ತದೆ. ಹಿಂದೆ ಈಜಿದವರಿಗೆ ವಾಪಸು ಬರುವಾಗ ಗಾಳಿಯೇ ಎದುರಾಳಿ. ನಮ್ಮೂರಲ್ಲಿ ದಾರ ಹರಿದರೆ ಪತಂಗದ ಹಿಂದೆ ಹೊಲ ದಾಟಿ ಓಡಬಹುದು. ಕಡಲಲ್ಲಿ ಓಡಲು ನೆಲವಿಲ್ಲ. ಅದಕ್ಕೇ ಪಳಗಿದ ಆಟಗಾರರೂ ದಡದಗುಂಟ ಬೀಸುವ ಗಾಳಿಯನ್ನು ಇಷ್ಟಪಡುತ್ತಾರೆ. ಗಾಳಿ ಕಡಲಿನತ್ತ ಬೀಸುವಾಗ ರಕ್ಷಣೆಯ ದೋಣಿ ಇಲ್ಲದೆ ಇಳಿಯುವುದಿಲ್ಲ.

ನಮ್ಮ ಗೋಕರ್ಣ, ಮುರ್ಡೇಶ್ವರಗಳಲ್ಲೂ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುವುದುಂಟು. ಮಳೆಗಾಲ ಕಳೆದ ಮೇಲೆ, ಬೆಳಗಿನ ಜಾವ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿಂದ ನೆಲಕ್ಕೆ. ಶಾಲೆಯ ಪ್ರವಾಸಕ್ಕೆ ಹೋದಾಗ ಹೀಗೆ ಮಾಡಿ: ಒಂದು ಹಿಡಿ ಒಣ ಮರಳನ್ನು ಮೇಲಿಂದ ಸುರಿಯಿರಿ. ಅದು ಕಡಲಿನತ್ತ ಹಾರಿದರೆ ಚೆಂಡು, ಟ್ಯೂಬು ಚೀಲದಲ್ಲೇ ಇರಲಿ. ನಿಮ್ಮತ್ತ ಹಾರಿದರೆ ತೆರೆಗಳು ಜೋರಾಗಬಹುದು. ಎರಡರಲ್ಲೂ ಗುರುಗಳ, ಕಡಲ ಕಾವಲುಗಾರರ ಮಾತು ಮೀರಬೇಡಿ.

ಈ ಉಪಾಯ ಹೊಸದೇನಲ್ಲ. ಕಣದಲ್ಲಿ ರಾಶಿ ತೂರುವ ಮೊದಲು ಅಜ್ಜ ಒಂದು ಹಿಡಿ ಹೊಟ್ಟು ಬಿಟ್ಟು ಗಾಳಿ ನೋಡುತ್ತಿದ್ದರಲ್ಲ, ಅದೇ ಇದು. ಈ ಸಂಜೆ ಅವರನ್ನೇ ಕೇಳಿ: ಅಜ್ಜಾ, ಇವತ್ತು ಗಾಳಿ ಯಾವ ಕಡೆಯದು?