ಅಜ್ಜಿಯ ಪೆಟಿಕೋಟು, ಅಜ್ಜನ ಬನಿಯನ್ನು



ವಿಸಿಟ್ ವೀಸಾದಲ್ಲಿ ಊರಿನಿಂದ ಬಂದ ಅಜ್ಜಿ "ಪೆಟಿಕೋಟು ಒಣಗಿತಾ ನೋಡು ಮಗಾ" ಅಂದರೆ, ದುಬೈಯ ಬ್ರಿಟಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ಅಜ್ಜಿ ಮತ್ತೆ ಅವರೆದುರು ಇಂಗ್ಲಿಷ್ ಶಬ್ದ ಆಡುವುದಿಲ್ಲ. ನಿಜಕ್ಕೂ ಅದು ತಪ್ಪು ಇಂಗ್ಲಿಷಲ್ಲ, ಹಳೆಯ ಇಂಗ್ಲಿಷ್. ಪೆಟಿಕೋಟು ಎಂದರೆ ಮೂಲದಲ್ಲಿ 'ಚಿಕ್ಕ ಕೋಟು'. 15ನೇ ಶತಮಾನದಲ್ಲಿ ಗಂಡಸರೇ ಅದನ್ನು ಅಂಗಿಯ ಒಳಗೆ ತೊಡುತ್ತಿದ್ದರು!

ಅಜ್ಜನ ಬನಿಯನ್ನಿನ ಕಥೆ ನಾವಿರುವ ಈ ಕೊಲ್ಲಿಗೇ ಸೇರಿದ್ದು. ಗುಜರಾತಿನ ವಾಣಿಯಾ ವ್ಯಾಪಾರಿಗಳನ್ನು ಅರಬರೂ ಪೋರ್ಚುಗೀಸರೂ 'ಬನಿಯಾನ್' ಎಂದರು. ಕೊಲ್ಲಿಯ ಆಚೆ ದಡದ ಬಂದರ್ ಅಬ್ಬಾಸಿನಲ್ಲಿ ಅವರು ಗುಡಿ ಕಟ್ಟಿಕೊಂಡಿದ್ದ ಆಲದ ಮರಕ್ಕೆ ಇಂಗ್ಲಿಷರು 'ಬನಿಯನ್ ಮರ' ಎಂದು ಹೆಸರಿಟ್ಟರು. ಅದೇ ಹೆಸರು ಇಂಗ್ಲೆಂಡಿನಲ್ಲಿ ಸಡಿಲ ನಿಲುವಂಗಿಗೂ ಬಂತು. ನಮ್ಮಲ್ಲಿ ಒಳಅಂಗಿಗೆ ನಿಂತಿತು. ಅಲ್ಲಿಯವರು ಈಗ 'ವೆಸ್ಟ್' ಅನ್ನುತ್ತಾರೆ.

ಸಂಬೋಧನೆಯಲ್ಲಿ ಮಾತ್ರ ಭೇದವಿತ್ತು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಸರಕಾರಿ ಕಾಗದಗಳಲ್ಲಿ ಸಾಮಾನ್ಯವಾಗಿ ದೊರೆಗಳ ಹೆಸರಿನ ಹಿಂದೆ 'ಎಸ್ಕ್ವಯರ್', ನಮ್ಮವರ ಹೆಸರಿನ ಮುಂದೆ 'ಮಹಾರಾಜರಾಜಶ್ರೀ'. ಕೇಳಲು ನಮ್ಮದೇ ದೊಡ್ಡದು, ಬಿಡಿ!

ಊರಿನ ಟ್ರಂಕಿನಲ್ಲಿ ಅಂಥ ಲಕೋಟೆ ಸಿಕ್ಕರೆ ಮಕ್ಕಳಿಗೆ ತೋರಿಸಿ, ನಮಗೂ ಸ್ಕ್ಯಾನ್ ಮಾಡಿ ಕಳುಹಿಸಿ.