ಮದ್ದು ಉಚಿತ, ಆದರೆ ಯಾರಿಗೆ?

ಎಚ್.ಐ.ವಿ. ಸೋಂಕಿತರಿಗೆ ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದ ವಿಷಯ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೂ ಇದಕ್ಕಾಗಿ ಎ.ಆರ್.ಟಿ. ಕೇಂದ್ರವಿದೆ. ಆದರೆ ಉಚಿತ ಎಂದ ಮಾತ್ರಕ್ಕೆ ಎಲ್ಲರಿಗೂ ಸಿಗುತ್ತಿತ್ತೇ? ಇಲ್ಲ. ಈ ಕತೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕಾಗುತ್ತದೆ.

2000ದ ಸುಮಾರಿಗೆ ಈ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿನಷ್ಟು ಖರ್ಚಾಗುತ್ತಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ ಮೂರು ಔಷಧಿಗಳನ್ನು ಒಟ್ಟಾಗಿ ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ವೈದ್ಯರ ಸೇವಾ ಸಂಸ್ಥೆಯೊಂದಕ್ಕೆ ತಿಳಿಸಿತು. ಆಗಿನ ನಮ್ಮ ಕಾನೂನಿನಲ್ಲಿ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಔಷಧಿಗೆ ಇರಲಿಲ್ಲ. ಆದುದರಿಂದಲೇ ಇದು ಸಾಧ್ಯವಾಯಿತು. 2004ರ ಎಪ್ರಿಲ್ 1ರಂದು ದೇಶದ ಎಂಟು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವುಗಳಲ್ಲೊಂದು.

ಈ ಮದ್ದು ರೋಗವನ್ನು ಗುಣಪಡಿಸುವುದಿಲ್ಲ, ವೈರಾಣು ಹೆಚ್ಚದಂತೆ ತಡೆಯುತ್ತದೆ ಅಷ್ಟೆ. ಜೀವನಪರ್ಯಂತ, ದಿನ ತಪ್ಪದೆ ಸೇವಿಸಬೇಕು. ನಡುನಡುವೆ ನಿಂತರೆ, ಅಥವಾ ಮೂರರ ಬದಲು ಒಂದೋ ಎರಡೋ ಔಷಧಿ ಮಾತ್ರ ಸೇವಿಸಿದರೆ, ವೈರಾಣು ಅದಕ್ಕೆ ಜಗ್ಗದಂತಾಗುತ್ತದೆ. ಆಗ ಬೇರೆ ಔಷಧಿಗಳು ಬೇಕು. ಇದೇ ಎರಡನೇ ಹಂತದ ಚಿಕಿತ್ಸೆ. ಅದರ ಬೆಲೆ ಮೊದಲನೆಯದಕ್ಕಿಂತ ಹಲವು ಪಟ್ಟು ಹೆಚ್ಚು.

2008ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹಾಗೂ ಚೆನ್ನೈ ಬಳಿಯ ತಾಂಬರಂನಲ್ಲಿ ಸರಕಾರ ಅದನ್ನು ಆರಂಭಿಸಿತು. ಆದರೆ ಮೊದಲ ಹಂತದ ಮದ್ದನ್ನು ಖಾಸಗಿಯಾಗಿ ಕೊಂಡವರನ್ನು ಹೊರಗಿಟ್ಟಿತು. 2004ಕ್ಕೆ ಮೊದಲು ಸರಕಾರದ ಉಚಿತ ಚಿಕಿತ್ಸೆಯೇ ಇರಲಿಲ್ಲವಲ್ಲ! ಜೀವ ಉಳಿಸಿಕೊಳ್ಳಲು ಜಾಗ ಮಾರಿ, ಒಡವೆ ಅಡವಿಟ್ಟು ಮದ್ದು ಕೊಂಡವರು ಅದೇ ಕಾರಣಕ್ಕೆ ಅನರ್ಹರಾದರು. ಹಣ ಸಾಲದೆ ಎರಡೇ ಔಷಧಿ ಸೇವಿಸಿದವರಿಗೆ ಎರಡನೇ ಹಂತ ಬೇಗನೆ ಬೇಕಾಗುತ್ತಿತ್ತು. ಬಾಗಿಲು ಮುಚ್ಚಿದ್ದೂ ಅವರಿಗೇ. ಹಣ ಸೀಮಿತ ಎಂಬ ಸರಕಾರದ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಖಾಸಗಿ ವೈದ್ಯರಲ್ಲಿಗೆ ಹೋದವರೆಲ್ಲ ಧನವಂತರೆಂದು ಭಾವಿಸುವವರು ನಮ್ಮೂರಿನ ಸೊಸೈಟಿ ಬ್ಯಾಂಕಿನ ಚಿನ್ನದ ಸಾಲದ ಕೌಂಟರನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ಡಿಸೆಂಬರಿನಲ್ಲಿ, ಅಗತ್ಯವಿರುವ ಎಲ್ಲರಿಗೂ ಎರಡನೇ ಹಂತದ ಚಿಕಿತ್ಸೆ ಕೊಡಲು ಸರಕಾರ ಅಲ್ಲಿ ಒಪ್ಪಿಕೊಂಡಿತು.

ಮುಂದೆ 2017ರಲ್ಲಿ ಇನ್ನೊಂದು ತಡೆಯೂ ಹೋಯಿತು. ಅದುವರೆಗೆ ರೋಗನಿರೋಧಕ ಕಣಗಳ ಲೆಕ್ಕವಾದ ಸಿ.ಡಿ.4 ಇಂತಿಷ್ಟಕ್ಕೆ ಇಳಿದ ಮೇಲೆಯೇ ಮದ್ದು ಶುರುಮಾಡುತ್ತಿದ್ದರು. ಅಂದಿನಿಂದ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. ಅದೇ ವರ್ಷ ಎಚ್.ಐ.ವಿ. ಕಾಯಿದೆಯೂ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಸೋಂಕಿತರಿಗೆ ಚಿಕಿತ್ಸೆ ನಿರಾಕರಿಸುವುದನ್ನು ಅದು ನಿಷೇಧಿಸುತ್ತದೆ. ಆದರೆ ಎ.ಆರ್.ಟಿ. ಒದಗಿಸುವ ಸರಕಾರದ ಹೊಣೆಯನ್ನು ಹೇಳುವಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ಸೇರಿಕೊಂಡಿದೆ. ಸೋಂಕಿತರ ಸಂಘಟನೆಗಳು ಆಗಲೇ ಇದನ್ನು ವಿರೋಧಿಸಿದ್ದವು.

ಅವರ ಆತಂಕ ಸುಳ್ಳಾಗಲಿಲ್ಲ. 2022ರ ಜುಲೈಯಲ್ಲಿ ಔಷಧಿ ಕೊರತೆಯಿಂದ ಕಂಗೆಟ್ಟ ಸೋಂಕಿತರು ದಿಲ್ಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಧರಣಿ ಕುಳಿತರು. ತಿಂಗಳ ಮದ್ದಿಗೆಂದು ಬಂದವರಿಗೆ ಕೆಲವೆಡೆ ಕೆಲವೇ ದಿನಗಳ ಮಾತ್ರೆ ಕೊಟ್ಟು ಕಳಿಸಲಾಗಿತ್ತು. ಮಾತ್ರೆಗೆ ಹಣ ಕೊಡಬೇಕಾಗಿಲ್ಲ, ನಿಜ. ಆದರೆ ದೂರದ ಹಳ್ಳಿಯಿಂದ ಬರುವ ಕೂಲಿಯಾಳಿಗೆ ಪ್ರತಿ ಸಲವೂ ಒಂದು ದಿನದ ಸಂಬಳ, ಎರಡು ಕಡೆಯ ಬಸ್ಸಿನ ಚಾರ್ಜು, ಮತ್ತೆ ರಜೆ ಯಾಕೆಂದು ಕೇಳುವ ಧಣಿಗೆ ಹೇಳಲು ಒಂದು ನೆಪ ಬೇಕು.